ಹಳಿಯಾಳದ ಔಷಧದಂಗಡಿಯಿಂದ ಕಂಡ ಫಿಟ್ಸ್

ಎಂಬತ್ತರ ದಶಕದಲ್ಲಿ ಹಳಿಯಾಳ ಪೇಟೆಯ ಔಷಧದಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿದಾಗ, ಮಕ್ಕಳ ಫಿಟ್ಸಿಗೆಂದು ನಮ್ಮ ಕಪಾಟಿನಲ್ಲಿ ಇದ್ದದ್ದು ಮುಖ್ಯವಾಗಿ ಎರಡು: ಗಾರ್ಡಿನಾಲ್ ಗುಳಿಗೆ, ಎಪ್ಟಾಯಿನ್ ಬಾಟಲಿ. ಗಾರ್ಡಿನಾಲ್ ಅಂದರೆ ಫಿನೋಬಾರ್ಬಿಟೋನ್, 1912ರಿಂದ ಬಳಕೆಯಲ್ಲಿರುವ ಔಷಧ. ಅಗ್ಗ, ಕೆಲಸವನ್ನೂ ಮಾಡುತ್ತಿತ್ತು. ಆದರೆ ಕೆಲವು ಮಕ್ಕಳು ಶಾಲೆಯಲ್ಲಿ ತೂಕಡಿಸುತ್ತಿದ್ದವು, ಕೆಲವು ಒಂದು ಕಡೆ ಕೂರದೆ ಹಟ ಹಿಡಿಯುತ್ತಿದ್ದವು.

ಜೋಯಿಡಾದ ಕಾಡಿನ ಹಳ್ಳಿಯವರಿರಲಿ, ಮುಂಡಗೋಡದ ಕಡೆಯವರಿರಲಿ, ಅಂಗಡಿಗೆ ಬರುವ ಹೊತ್ತಿಗೆ ತಾಯತ ಕಟ್ಟಿಸಿ ಆಗಿರುತ್ತಿತ್ತು. ಹೊಟ್ಟೆಯ ಮೇಲೆ ಬರೆಯ ಗುರುತಿದ್ದ ಕೂಸುಗಳನ್ನೂ ನೋಡಿದ್ದೇನೆ. ಹೆತ್ತವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಆಗ ದೊಡ್ಡ ಆಸ್ಪತ್ರೆ ಎಂದರೆ ಹುಬ್ಬಳ್ಳಿಯ ಕೆಎಂಸಿ. ಅಲ್ಲಿಗೆ ಹೋಗಿಬರಲು ಕೂಲಿ ಬಿಡಬೇಕಿತ್ತು.

ಎಪ್ಟಾಯಿನ್ ಬಾಟಲಿಯ ತಳದಲ್ಲಿ ಔಷಧ ಗಟ್ಟಿಯಾಗಿ ಕೂರುತ್ತದೆ. ಅಲುಗಾಡಿಸದೆ ಕೊಟ್ಟರೆ ಮೊದಲ ದಿನಗಳಲ್ಲಿ ಮಗುವಿಗೆ ಬರೀ ತಿಳಿ ಸಿಕ್ಕು ಫಿಟ್ಸ್ ಬರುತ್ತದೆ. ಬಾಟಲಿ ಮುಗಿಯುವಾಗ ಅದೇ ಚಮಚದಲ್ಲಿ ಔಷಧ ಹೆಚ್ಚಾಗಿ ಮಗು ತೂರಾಡುತ್ತದೆ. ಓದು ಬಾರದ ತಾಯಂದಿರಿಂದ ನನ್ನೆದುರೇ ಬಾಟಲಿ ಅಲುಗಾಡಿಸಿ ಅಳತೆ ಮಾಡಿಸುತ್ತಿದ್ದೆ. ಆ ಔಷಧದಿಂದ ವಸಡು ಊದಿದ ಮಕ್ಕಳೂ ಇದ್ದರು.

ಆಮೇಲೆ ಟೆಗ್ರಿಟಾಲ್, ವಾಲ್‌ಪ್ರೊಯೇಟ್, ಆನಂತರ ಲೆವೆಟಿರಾಸೆಟಮ್ ಬಂದವು. ವಾಲ್‌ಪ್ರೊಯೇಟ್ ಬಹಳ ಮಕ್ಕಳನ್ನು ಕಾಪಾಡಿದೆ. ಮುಂದೆ ಗರ್ಭಿಣಿಯಾದಾಗ ಹೊಟ್ಟೆಯಲ್ಲಿರುವ ಕೂಸಿಗೆ ಅದರಿಂದ ಅಪಾಯವೆಂದು ಬೆಳೆಯುವ ಹೆಣ್ಣುಮಕ್ಕಳಿಗೆ ವೈದ್ಯರು ಈಗ ಅದನ್ನು ಆದಷ್ಟು ಬರೆಯುವುದಿಲ್ಲ.

ಇಷ್ಟೆಲ್ಲ ಔಷಧ ಬಂದರೂ ಬದಲಾಗದ ಮಾತೊಂದಿದೆ: "ಅಣ್ಣಾರ, ಹುಡುಗ ಆರು ತಿಂಗಳಿಂದ ಆರಾಮ ಅದಾನ್ರಿ. ಇನ್ನ ಯಾಕ ಗುಳಿಗಿ?" ಆರಾಮ ಇರುವುದೇ ಗುಳಿಗೆಯಿಂದ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಸಾಮಾನ್ಯವಾಗಿ ಎರಡು ವರ್ಷ ಫಿಟ್ಸ್ ಬಾರದಿದ್ದ ಮೇಲೆ ವೈದ್ಯರೇ ನೋಡಿ, ನಿಧಾನವಾಗಿ ಇಳಿಸಬೇಕು. ದಿಢೀರನೆ ಬಿಟ್ಟರೆ ಬಿಡದೆ ಬರುವ ಫಿಟ್ಸು ಜೀವಕ್ಕೇ ಅಪಾಯ.

ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳಿಗೆ ಗುಳಿಗೆಯಿಂದ ಫಿಟ್ಸ್ ಹತೋಟಿಗೆ ಬರುವುದಿಲ್ಲ. ಅಂಥ ಮಕ್ಕಳಲ್ಲಿ ಕೆಲವರಿಗೆ ಅನ್ನ, ರೊಟ್ಟಿ ತೀರಾ ಕಡಿಮೆ ಮಾಡಿ ಎಣ್ಣೆ, ತುಪ್ಪ ಹೆಚ್ಚಿಸುವ ಕೀಟೋಜೆನಿಕ್ ಆಹಾರ ಫಲ ಕೊಡುತ್ತದೆ. ಅದನ್ನು ಆಸ್ಪತ್ರೆಯವರು ಹೇಳಿದಂತೆ ತೂಗಿಯೇ ಕೊಡಬೇಕು. ಕೆಲವರಿಗೆ ಮೆದುಳಿನ ಶಸ್ತ್ರಚಿಕಿತ್ಸೆ ಆಗುತ್ತದೆ. ಎರಡು ಔಷಧ ಸರಿಯಾಗಿ ಕೊಟ್ಟರೂ ನಿಲ್ಲದಿದ್ದರೆ ವರ್ಷಗಟ್ಟಲೆ ಕಾಯದೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸಿನಂಥ ಕಡೆ ತೋರಿಸಿ ಎನ್ನುತ್ತೇನೆ.

ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಎಂದರೆ, ಬಂದ ಫಿಟ್ಸನ್ನು ಮನೆಯಲ್ಲೇ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ. 2008ರಿಂದ 108 ಆಂಬುಲೆನ್ಸ್ ಇದೆ, ಆದರೆ ಜೋಯಿಡಾದ ಒಳಹಳ್ಳಿಯಿಂದ ದಾಂಡೇಲಿ ತಲುಪುವಷ್ಟರಲ್ಲಿ ಹೊತ್ತು ಹೋಗುತ್ತದೆ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಐದು ನಿಮಿಷಕ್ಕೂ ನಿಲ್ಲದಿದ್ದರೆ ಸ್ಪ್ರೇ ಹೊಡೆಯಬೇಕು. ವೈದ್ಯರು ತೂಕ ನೋಡಿ ಬರೆದಷ್ಟನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದು ಕೊಡುತ್ತೇನೆ. ಶಾಲೆಯ ಮಾಸ್ತರರಿಗೂ ಅಂಗನವಾಡಿ ಅಕ್ಕನಿಗೂ ಇದನ್ನು ತೋರಿಸಿಡಿ ಎಂದು ಹೇಳಿಯೇ ಕಳಿಸುತ್ತೇನೆ.