ಯುದ್ಧಕಾಲದ ವ್ಯಂಗ್ಯಚಿತ್ರ

ಮಹಾಯುದ್ಧದ ಜ್ವಾಲೆ ೧೯೪೨ರಲ್ಲಿ ಬರ್ಮಾ ದೇಶವನ್ನು ಆವರಿಸಿದಾಗ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ರಣರಂಗವನ್ನು ಕಣ್ಣಾರೆ ಕಾಣದ ಮೈಸೂರು ಸಂಸ್ಥಾನದ ಸಣ್ಣ ಊರುಗಳಲ್ಲಿಯೂ ಯುದ್ಧವು ಅಕ್ಕಿ, ಸೀಮೆಎಣ್ಣೆಗಳ ಅಭಾವದ ರೂಪದಲ್ಲಿ ಮನೆಮನೆಯನ್ನು ಹೊಕ್ಕಿತು.

ಆ ಸಂಕಷ್ಟದ ವರ್ಷದಲ್ಲಿಯೇ ‘ರಾಶಿ’ ಎಂದು ನಾಡಿಗೆ ಪರಿಚಿತರಾದ ಬೆಂಗಳೂರಿನ ವೈದ್ಯರು ಡಾ. ಎಂ. ಶಿವರಾಂ ಅವರು ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಕೆ. ಲಕ್ಷ್ಮಣರು ಅದಕ್ಕೆ ವ್ಯಂಗ್ಯಚಿತ್ರಗಳನ್ನು ಬರೆದರು. ಸರ್ಕಾರದ ಆಜ್ಞೆ ಧಾನ್ಯದ ತೂಕವನ್ನು ತಿಳಿಸುತ್ತದೆ. ಬರಿಗೈಯಲ್ಲಿ ಮನೆಗೆ ಹಿಂತಿರುಗುವವನ ಮುಖಭಾವವನ್ನು ತೋರುವುದು ವ್ಯಂಗ್ಯಚಿತ್ರದ ಧರ್ಮ.

ಆದರೆ ನಗೆಯ ಗೆರೆಗೂ ಒಂದು ಎಲ್ಲೆಯುಂಟು. ಅದೇ ೧೯೪೨ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿತು. ೧೯೪೩ರ ಮಾರ್ಚ್ ತಿಂಗಳಲ್ಲಿ ಆ ಹೋರಾಟದ ಐವರು ಗಲ್ಲಿಗೇರಿದರು. ಆ ಮನೆಗಳ ಶೋಕವನ್ನು ಯಾವ ವ್ಯಂಗ್ಯಚಿತ್ರವೂ ಹಿಡಿದಿಡಲಾರದು.

ಲಕ್ಷ್ಮಣರು ಮುಂದೆ ಸೃಷ್ಟಿಸಿದ ‘ಸಾಮಾನ್ಯ ಮನುಷ್ಯ’ ಎಲ್ಲವನ್ನೂ ಮೌನವಾಗಿ ನೋಡಿದವನು. ಈಸೂರಿನ ಸಾಮಾನ್ಯ ಮನುಷ್ಯ ಮೌನವನ್ನು ಮುರಿದು ಅದರ ಬೆಲೆಯನ್ನು ತೆತ್ತವನು. ಆ ಕಾಲವನ್ನು ಅರಿಯಬಯಸುವ ವಿದ್ಯಾರ್ಥಿಗೆ ಇವರಿಬ್ಬರೂ ಗುರುಗಳೇ ಸರಿ.