ಕ್ಲಚ್ ಅವರದು, ಗೇರ್ ನನ್ನದು

ನಿಮ್ಮಲ್ಲಿ ಐವತ್ತು ದಾಟಿದವರು ಯಾರಾದರೂ ಬಾಲ್ಯದಲ್ಲಿ ಹಳೆಯ ಅಂಬಾಸಿಡರ್ ಕಾರಿನ ಮುಂದಿನ ಸೀಟಿನಲ್ಲಿ, ಚಾಲಕನಿಗೂ ಇನ್ನೊಬ್ಬ ಪ್ರಯಾಣಿಕನಿಗೂ ನಡುವೆ ಒತ್ತಿಕೊಂಡು ಕುಳಿತಿದ್ದರೆ, ನಾನು ಹೇಳಹೊರಟಿರುವ ವಿಷಯ ಅರ್ಧದಷ್ಟು ನಿಮಗೆ ಆಗಲೇ ತಿಳಿದಿದೆ. ಆ ಸೀಟು ಇಂದಿನ ಕಾರುಗಳಂತೆ ಎರಡಾಗಿ ಒಡೆದದ್ದಲ್ಲ. ಮನೆಯ ಜಗಲಿಯ ಬೆಂಚಿನಂತೆ ಅಖಂಡವಾದದ್ದು. ಅಲ್ಲಿ ನಡುವೆ ಕುಳಿತ ಮಗುವಿನ ಕಾಲಿಗೆ ಅಡ್ಡವಾಗಿ ನೆಲದಿಂದ ಯಾವ ಸನ್ನೆಯೂ ಎದ್ದು ನಿಂತಿರುತ್ತಿರಲಿಲ್ಲ. ಗೇರಿನ ಸನ್ನೆ ಇದ್ದುದು ಸ್ಟಿಯರಿಂಗ್ ಕಂಬದ ಮೇಲೆ, ಚಾಲಕನ ಎಡಗೈಗೆ ಸಿಗುವಂತೆ. ನನ್ನ ಬಾಲ್ಯದ ಬಹುಪಾಲು ಪ್ರಯಾಣಗಳು ಆ ಸನ್ನೆಯ ಕೆಳಗೆ ನನ್ನ ಮೊಣಕಾಲುಗಳನ್ನು ಇಟ್ಟುಕೊಂಡೇ ನಡೆದವು.

ಗೇರನ್ನು ನೆಲದಿಂದ ಕಿತ್ತು ಸ್ಟಿಯರಿಂಗ್ ಕಂಬಕ್ಕೆ ಏರಿಸುವ ಈ ಏರ್ಪಾಡು ೧೯೩೦ರ ದಶಕದ ಕೊನೆಯಲ್ಲಿ ಅಮೆರಿಕದ ಕಾರುಗಳಲ್ಲಿ ಹರಡಿತು. ಮುಂದಿನ ಸಾಲಿನಲ್ಲಿ ಮೂವರು ಸುಖವಾಗಿ ಕುಳಿತುಕೊಳ್ಳಲಿ ಎಂಬುದು ಅದರ ಸರಳವಾದ ಉದ್ದೇಶ. ನಮ್ಮ ಅಂಬಾಸಿಡರ್ ಆದರೋ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಮಾಲಿಕೆಯಿಂದ ಹುಟ್ಟಿದ್ದು. ೧೯೫೭ರಿಂದ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗತೊಡಗಿತು. ಐದು ಮೀಟರಿಗೂ ಉದ್ದವಾದ ಆ ಕಾಲದ ಅಮೆರಿಕನ್ ಕಾರುಗಳ ಪಕ್ಕದಲ್ಲಿ ನಿಲ್ಲಿಸಿದರೆ ಇದು ಚಿಕ್ಕದೇ. ಆದರೆ ಮೂಡಿಗೆರೆಯ ನಮ್ಮ ಕಣ್ಣಿಗೆ ಅದೇ ದೊಡ್ಡ ಗಾಡಿ. ಮದುವಣಗಿತ್ತಿಯೂ, ಹೆರಿಗೆನೋವಿನ ಹೆಂಗಸೂ, ಕಾಫಿ ತೋಟದ ಯಜಮಾನನೂ, ಅವನ ಕೂಲಿಯಾಳೂ ಒಂದೇ ಸೀಟಿನ ಮೇಲೆ ಬೇರೆ ಬೇರೆ ದಿನ ಕುಳಿತು ಹೋದ ಗಾಡಿ ಅದು.

ನನ್ನ ತಂದೆ ಬಾಡಿಗೆ ಕಾರಿನ ಚಾಲಕರು. ೧೯೭೮ರಲ್ಲಿ ಸಾಲ ಮಾಡಿ, ಆಗಲೇ ಎರಡು ಕೈ ದಾಟಿದ್ದ ಮಾರ್ಕ್ ೨ ಅಂಬಾಸಿಡರನ್ನು ಕೊಂಡರು. ಅದರಲ್ಲಿ ವೈಭೋಗವೆಂಬುದು ಏನೂ ಇರಲಿಲ್ಲ. ೧೪೮೯ ಸಿ.ಸಿ.ಯ ಪೆಟ್ರೋಲ್ ಎಂಜಿನ್, ನಾಲ್ಕು ಮುಂಗೇರು, ಒಂದು ಹಿಂಗೇರು, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಸ್ಟಿಯರಿಂಗನ್ನು ಹಗುರಗೊಳಿಸುವ ಯಾವ ಸಹಾಯವೂ ಇಲ್ಲ. ಎದುರಿನ ವಾಹನಕ್ಕೆ ದೀಪ ತಗ್ಗಿಸಬೇಕಾದರೆ ಎಡಗಾಲಿನಿಂದ ನೆಲದ ಮೇಲಿನ ಗುಂಡಿಯನ್ನು ಒತ್ತಬೇಕು. ಚಳಿಗಾಲದ ಮುಂಜಾನೆ ಚೋಕ್ ಎಳೆದರೂ ಬ್ಯಾಟರಿ ಸೋತಾಗ, ತಂದೆ ಮುಂದೆ ಹೋಗಿ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸುತ್ತಿದ್ದರು. ಹಾಗೆ ತಿರುಗಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಬೇಕು, ಹ್ಯಾಂಡಲನ್ನು ಸುತ್ತಿ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ.

ಎರಡನೆಯ ಪಾಠ ಗೇರಿನದು. ಅದನ್ನು ನಾನು ೧೯೮೬ರಲ್ಲಿ, ಹದಿನೆಂಟು ತುಂಬಿದ ಮೇಲೆ ಕಲಿಯಲು ಕುಳಿತೆ. ಇಂದು ವಾಹನ ಓಡಿಸುವ ನಿಮಗೆ ನೆಲದ ಗೇರಿನ ದಾರಿ ಗೊತ್ತಿದೆ. ಎಚ್ ಎಂಬ ಇಂಗ್ಲಿಷ್ ಅಕ್ಷರವನ್ನು ನೆಲದ ಮೇಲೆ ಮಲಗಿಸಿದಂತೆ ಇರುತ್ತದೆ. ಕಂಬದ ಗೇರಿನಲ್ಲಿ ಅದೇ ಅಕ್ಷರ ಎದ್ದು ನಿಂತಿರುತ್ತದೆ. ಸನ್ನೆಯನ್ನು ಮೇಲಕ್ಕೆ ಎತ್ತಬೇಕು, ಕೆಳಕ್ಕೆ ಇಳಿಸಬೇಕು, ನಡುವೆ ನಿಲ್ಲಿಸಿ ಪಾತಳಿ ಬದಲಿಸಬೇಕು. ಆದರೆ ನಿಜವಾದ ಕಷ್ಟ ಅದಲ್ಲ. ಸನ್ನೆ ಇರುವುದು ಎದೆಯ ಎತ್ತರದಲ್ಲಿ, ಗೇರ್ ಪೆಟ್ಟಿಗೆ ಇರುವುದು ಕಾಲಿನ ಕೆಳಗೆ. ಕೈ ಹೇಳಿದ ಮಾತು ಕಂಬದುದ್ದಕ್ಕೂ ಇಳಿದು, ಸರಳುಗಳ ಮೂಲಕ, ಕೀಲುಗಳ ಮೂಲಕ ಅಲ್ಲಿಗೆ ತಲುಪಬೇಕು. ವರ್ಷಗಳು ಕಳೆದಂತೆ ಪ್ರತಿಯೊಂದು ಕೀಲೂ ಕೂದಲೆಳೆಯಷ್ಟು ಸವೆಯುತ್ತದೆ. ಆಮೇಲೆ ಅವಸರ ಪಡುವವನ ಕೈಗೆ ಗೇರ್ ಬೀಳುವುದಿಲ್ಲ. ನಡುವಿನ ತಟಸ್ಥ ಸ್ಥಾನದಲ್ಲಿ ಒಂದು ಉಸಿರಿನಷ್ಟು ಹೊತ್ತು ಕಾಯಬೇಕು.

ಇನ್ನು ಮೊದಲನೆಯ ಗೇರಿನ ವಿಷಯ. ಎರಡು, ಮೂರು, ನಾಲ್ಕನೆಯ ಗೇರುಗಳಿಗೆ ಹಲ್ಲುಚಕ್ರಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಶ್ ಎಂಬ ವ್ಯವಸ್ಥೆ ಇತ್ತು, ಮೊದಲನೆಯದಕ್ಕೆ ಇರಲಿಲ್ಲ. ಗಾಡಿ ಚಲಿಸುತ್ತಿರುವಾಗಲೇ ಎರಡರಿಂದ ಒಂದಕ್ಕೆ ಇಳಿಯಬೇಕಾದರೆ ಆ ಕೆಲಸವನ್ನು ಚಾಲಕನೇ ಮಾಡಬೇಕು. ಕ್ಲಚ್ ಒತ್ತಿ ಗೇರನ್ನು ತಟಸ್ಥಕ್ಕೆ ತರುವುದು, ಕ್ಲಚ್ ಬಿಟ್ಟು ಎಂಜಿನ್ನಿನ ವೇಗವನ್ನು ಕೊಂಚ ಏರಿಸುವುದು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕುವುದು. ಸರಿಯಾದರೆ ಬೆಣ್ಣೆಯಲ್ಲಿ ಚಾಕು ಇಳಿದಂತೆ. ತಪ್ಪಿದರೆ ಊರಿಗೇ ಕೇಳಿಸುವ ಕರಕರ ಸದ್ದು. "ನೀನು ಹೇಳುವುದನ್ನು ಗಾಡಿ ಕೇಳಬೇಕಾದರೆ, ಗಾಡಿ ಹೇಳುವುದನ್ನು ನೀನು ಮೊದಲು ಕೇಳು" ಎನ್ನುತ್ತಿದ್ದರು ತಂದೆ. ಅದಕ್ಕಿಂತ ಹೆಚ್ಚು ಅವರು ಮಾತನಾಡುತ್ತಿರಲಿಲ್ಲ.

ಆ ವರ್ಷದ ಮಳೆಗಾಲದ ಒಂದು ಮಧ್ಯಾಹ್ನ, ಕೊಟ್ಟಿಗೆಹಾರದ ಬಳಿಯ ಏರಿನಲ್ಲಿ, ಹಿಂದೆ ಬಸ್ಸೊಂದು ಹಾರನ್ ಬಾರಿಸಿದ್ದಕ್ಕೆ ಬೆದರಿ ನಾನು ಮೂರರಿಂದ ಎರಡಕ್ಕೆ ಸನ್ನೆಯನ್ನು ರಪ್ಪನೆ ಎಳೆದೆ. ಕೆಳಗಿನ ಸರಳುಗಳು ಒಂದಕ್ಕೊಂದು ಸಿಕ್ಕಿಕೊಂಡು ಸನ್ನೆ ಅಲ್ಲಿಯೇ ಬಿಗಿದುಹೋಯಿತು. ತಪ್ಪು ಗಾಡಿಯದಲ್ಲ, ನನ್ನದು. ತಂದೆ ಬಯ್ಯಲಿಲ್ಲ. ಸುರಿಯುವ ಮಳೆಯಲ್ಲಿ ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಕಂಬದ ಬುಡದಲ್ಲಿದ್ದ ಸರಳನ್ನು ಕೈಯಿಂದಲೇ ಸರಿಸಿ ಬಿಡಿಸಿದರು. ನಾನು ಆಗಲೇ ಪಕ್ಕಕ್ಕೆ ಸರಿದು ಕುಳಿತಿದ್ದೆ. ಅವರು ಚಾಲಕನ ಬಾಗಿಲಿಗೆ ಬರಲಿಲ್ಲ. ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದು, ನಾನು ಮತ್ತೆ ಸ್ಟಿಯರಿಂಗಿನ ಕಡೆಗೆ ಸರಿಯುವವರೆಗೂ ಮಳೆಯಲ್ಲೇ ನಿಂತರು. ಆ ಕಾಯುವಿಕೆಯ ಅರ್ಥ ನನಗೆ ಅಂದು ಆಗಲಿಲ್ಲ.

ಮುಂದೆ ನಾನು ಬೆಂಗಳೂರು ಸೇರಿದೆ. ನನ್ನನ್ನು ಓದಿಸಿದ್ದು ಅದೇ ಗಾಡಿಯ ಬಾಡಿಗೆ ಹಣ. ಉದ್ಯೋಗ ಸಿಕ್ಕಿತು, ಮದುವೆಯಾಯಿತು, ನೆಲದಲ್ಲಿ ಗೇರಿರುವ ಪುಟ್ಟ ಕಾರು ಬಂತು. ೧೯೯೯ರ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ, ನೆಂಟರೆಲ್ಲ ಅಂಗಳದಲ್ಲಿ ಕುಳಿತಿರುವಾಗ, "ಈ ಗುಜರಿಯನ್ನು ಮಾರಿಬಿಡಿ, ನಾನು ಹೊಸದು ಕೊಡಿಸುತ್ತೇನೆ" ಎಂದುಬಿಟ್ಟೆ. ನನ್ನ ದೃಷ್ಟಿಯಲ್ಲಿ ಅದು ಪ್ರೀತಿಯ ಮಾತು. ತಂದೆ ಎದ್ದು ಹೋಗಿ ಗಾಡಿಯ ಗಾಜು ಒರೆಸತೊಡಗಿದರು. ಅಂದಿನಿಂದ ನಮ್ಮ ನಡುವೆ ಮಾತು ನಿಲ್ಲಲಿಲ್ಲ, ಸವೆಯಿತು. ದೂರವಾಣಿಯಲ್ಲಿ ಮಳೆ ಬಂತೇ, ಕಾಫಿಗೆ ಬೆಲೆ ಎಷ್ಟು, ಮಗು ಹೇಗಿದೆ, ಅಷ್ಟೇ. ಹತ್ತು ವರ್ಷ ಹೀಗೆಯೇ ಕಳೆಯಿತು. ನಾನು ಹೇಳಿದ್ದು ಅವರಿಗೆ ತಲುಪಲಿಲ್ಲವೆಂದು ನಾನು ಬೇಸರಪಟ್ಟೆನೇ ಹೊರತು, ಅವರಿಗೆ ತಲುಪಿದ್ದೇನು ಎಂದು ಒಮ್ಮೆಯೂ ಕೇಳಲಿಲ್ಲ.

೨೦೦೯ರಲ್ಲಿ ತಂದೆಗೆ ಪಾರ್ಶ್ವವಾಯು ಬಡಿಯಿತು. ಎಡಭಾಗ ಪೂರ್ತಿ ಸೋತಿತ್ತು. ಕೆಲವು ತಿಂಗಳ ಅಭ್ಯಾಸದಿಂದ ಕಾಲಿಗೆ ಬಲ ಮರಳಿತು, ಕೋಲಿಲ್ಲದೆ ನಡೆದರು. ಎಡಗೈಗೆ ಮಾತ್ರ ಮರಳಲಿಲ್ಲ. ಗೇರ್ ಇದ್ದುದು ಆ ಕೈಯ ಬದಿಯಲ್ಲಿ. ಅವರು ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ಬೀಗದ ಕೈಯನ್ನು ಗೋಡೆಯ ಮೊಳೆಗೆ ತೂಗುಹಾಕಿ, "ಕೈ ಸರಿಯಿಲ್ಲದವನಿಗೆ ರಸ್ತೆ ಬೇಡ" ಎಂದರು. ಮೂವತ್ತೊಂದು ವರ್ಷ ಪರರ ಜೀವವನ್ನು ಜೋಪಾನವಾಗಿ ಇಳಿಸಿದವರು ತಮ್ಮ ತೀರ್ಪನ್ನು ತಾವೇ ಬರೆದುಕೊಂಡರು.

ಮರುವರ್ಷದ ಏಪ್ರಿಲಿನಲ್ಲಿ ನಾನು ಊರಿಗೆ ಹೋದಾಗ, ಪಕ್ಕದ ತೋಟದ ಕಾಫಿ ಕಣ ಖಾಲಿ ಬಿದ್ದಿತ್ತು. ಕಾಫಿ ಒಣಗಿಸುವ ಆ ವಿಶಾಲವಾದ ಸಿಮೆಂಟಿನ ಅಂಗಳದಲ್ಲಿ ಹಕ್ಕಿಗಳ ಹೊರತು ಯಾರೂ ಇರಲಿಲ್ಲ. ತೋಟದವರ ಅನುಮತಿ ಪಡೆದು ಗಾಡಿಯನ್ನು ಅಲ್ಲಿಗೆ ಒಯ್ದೆ. ತಂದೆಯನ್ನು ಕರೆತಂದು ಚಾಲಕನ ಜಾಗದಲ್ಲಿ ಕೂರಿಸಿದೆ. ನಾನು ನಡುವೆ, ಬಾಲ್ಯದಲ್ಲಿ ಕುಳಿತಲ್ಲಿಯೇ ಕುಳಿತೆ. ಸ್ಟಿಯರಿಂಗ್ ಅವರ ಬಲಗೈಯಲ್ಲಿ, ಕ್ಲಚ್ ಅವರ ಕಾಲಲ್ಲಿ, ಗೇರ್ ಮಾತ್ರ ನನ್ನ ಕೈಯಲ್ಲಿ.

ಮೊದಲ ಸುತ್ತಿನಲ್ಲಿ ಎಲ್ಲವೂ ಕೆಟ್ಟಿತು. ಅವರ ಕಾಲು ಒತ್ತುವ ಮೊದಲೇ ನನ್ನ ಕೈ ಎಳೆಯಿತು; ಹಲ್ಲುಗಳು ಕರಕರನೆ ಕೂಗಿದವು. ಎರಡನೆಯ ಸುತ್ತಿನಲ್ಲಿ ನಾನು ಅವರ ಮೊಣಕಾಲನ್ನು ನೋಡುತ್ತಾ ಗೇರ್ ಹಾಕಿದೆ, ತಡವಾಯಿತು. ಆಗ ಅವರು, "ನೋಡಬೇಡ, ಕೇಳು" ಎಂದರು. ನಾನು ಎಂಜಿನ್ನಿನ ದನಿಗೆ ಕಿವಿಗೊಟ್ಟೆ. ಕಣದ ಮೂಲೆಯಲ್ಲಿ ಗಾಡಿ ಏದುಸಿರು ಬಿಡುವಂತಾಯಿತು; ಮೊದಲನೆಯದಕ್ಕೆ ಇಳಿಯಬೇಕು. ಅವರು ಕ್ಲಚ್ ಒತ್ತಿದರು, ನಾನು ತಟಸ್ಥಕ್ಕೆ ತಂದೆ. ಅವರು ಬಿಟ್ಟು, ಎಂಜಿನ್ನನ್ನು ಮೃದುವಾಗಿ ಏರಿಸಿ, ಮತ್ತೆ ಒತ್ತಿದರು. ನನ್ನ ಕೈ ಗೇರನ್ನು ಇಳಿಸಿತು. ಒಂದಿಷ್ಟೂ ಸದ್ದಿಲ್ಲ. ಸಿಂಕ್ರೋಮೆಶ್ ಇಲ್ಲದ ಆ ಗೇರಿಗೆ ಇಬ್ಬರು ಸೇರಿ ವೇಗ ಹೊಂದಿಸಿದ್ದೆವು. ತಂದೆ ನನ್ನ ಕಡೆ ತಿರುಗಲಿಲ್ಲ, ಸಣ್ಣಗೆ "ಹ್ಞೂಂ" ಎಂದರು. ಪೆಟ್ರೋಲ್ ಮುಳ್ಳು ತಳ ಮುಟ್ಟುವವರೆಗೂ ನಾವು ಸುತ್ತಿದೆವು. ೧೯೯೯ರ ಮಾತಿಗೆ ಕ್ಷಮೆ ಕೇಳಬೇಕೆಂದು ಬೆಂಗಳೂರಿನಿಂದಲೇ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ಅದನ್ನು ಹೇಳಲಾಗಲಿಲ್ಲ. ಹಿಂದಿರುಗುವಾಗ ಅವರೇ, "ಇದು ಗುಜರಿಯೇ ಹೌದು, ಆದರೆ ನನ್ನ ಗುಜರಿ" ಎಂದು ನಕ್ಕರು. ಆ ಮಾತನ್ನು ಅವರು ಹನ್ನೊಂದು ವರ್ಷ ಎದೆಯಲ್ಲಿಟ್ಟುಕೊಂಡಿದ್ದರೆಂದು ಆಗ ತಿಳಿಯಿತು. ನಾನು ಅವರ ಸೋತ ಎಡಗೈಯನ್ನು ಹಿಡಿದುಕೊಂಡೆ.

ತಂದೆ ೨೦೧೩ರಲ್ಲಿ ತೀರಿಕೊಂಡರು. ಮರುವರ್ಷದ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಅದಕ್ಕೂ ಬಹಳ ಮೊದಲೇ, ೧೯೯೦ರ ದಶಕದಲ್ಲಿ ಬಂದ ೧೮೦೦ ಸಿ.ಸಿ.ಯ ಮಾದರಿಯಲ್ಲಿ ಗೇರ್ ನೆಲಕ್ಕೆ ಇಳಿದಾಗಿತ್ತು, ಸೀಟೂ ಎರಡಾಗಿತ್ತು. ಅದು ಸರಿಯೇ. ನೆಲದ ಗೇರಿನ ಹಾದಿ ಚಿಕ್ಕದು, ನೇರವಾದದ್ದು; ಸೀಟು ಬೆಲ್ಟು ಕಟ್ಟಿ ಬೇರೆ ಬೇರೆ ಕುಳಿತುಕೊಳ್ಳುವುದು ಸುರಕ್ಷಿತವಾದದ್ದು. ಹಳೆಯದೆಲ್ಲ ಒಳ್ಳೆಯದೆಂದು ವಾದಿಸಲು ನಾನು ಈ ಬರಹ ಬರೆಯುತ್ತಿಲ್ಲ.

ನಾನು ಕೇಳಬಯಸುವುದು ಬೇರೆಯೇ. ನಮ್ಮ ಮನೆಗಳಲ್ಲಿ ಕ್ಲಚ್ ಒಬ್ಬರದು, ಗೇರ್ ಇನ್ನೊಬ್ಬರದು. ಗಂಡ ಹೆಂಡತಿಯಲ್ಲಿ ಹಾಗೆಯೇ, ತಂದೆ ಮಕ್ಕಳಲ್ಲಿಯೂ ಹಾಗೆಯೇ. ಎರಡೂ ನಮ್ಮ ಕೈಯಲ್ಲೇ ಇದ್ದಿದ್ದರೆ ಎಷ್ಟು ಸಲೀಸೆಂದು ಎಲ್ಲರಿಗೂ ಅನ್ನಿಸುತ್ತದೆ. ಇನ್ನೊಬ್ಬರ ಕಾಲು ಒತ್ತುವ ಮೊದಲೇ ನಾವು ಎಳೆಯುತ್ತೇವೆ. ಸದ್ದು ಬಂದಾಗ ಸವೆದ ಕೀಲನ್ನು ದೂರುತ್ತೇವೆ.

ಕಳೆದ ಬೇಸಿಗೆಯಲ್ಲಿ ನನ್ನ ಮಗಳು ಅದೇ ಕಣದಲ್ಲಿ ಅದೇ ಗಾಡಿಯ ಸ್ಟಿಯರಿಂಗ್ ಹಿಡಿದಳು. ಅವಳು ಕಲಿತದ್ದು ಗೇರೇ ಹಾಕಬೇಕಿಲ್ಲದ ಕಾರಿನಲ್ಲಿ. ಒಂದನೆಯದಕ್ಕೆ ಇಳಿಸುವಾಗ ಕರಕರ ಸದ್ದು ಕಣದ ಆಚೆಯ ತೋಟದವರೆಗೂ ಕೇಳಿಸಿತು. ನನ್ನ ಬಾಯಿಗೆ ಮಾತು ಬಂತು. ನುಂಗಿಕೊಂಡೆ. ಅವಳು ನನ್ನ ಮುಖ ನೋಡಿದಳು, ಮತ್ತೆ ಮೊದಲಿನಿಂದ ಆರಂಭಿಸಿದಳು. ನಾನು ಕಾದೆ.