ಬಿಚ್ಚದ ಪೆಟ್ಟಿಗೆ

“ಯುರೋಪಿಗೆ ಬಂದು ಎಷ್ಟು ವರ್ಷವಾಯಿತು?” ಎಂದು ಕನ್ನಡ ಕೂಟದಲ್ಲಿ ಹೊಸದಾಗಿ ಪರಿಚಯವಾದವರು ಕೇಳುತ್ತಾರೆ. ೨೦೧೧ರಲ್ಲಿ ಬಂದೆವು ಎನ್ನುತ್ತೇವೆ. “ಮೊದಮೊದಲು ಪರದೇಶ ಬಹಳ ಕಷ್ಟವಾಗಿರಬೇಕಲ್ಲವೆ?” ಎಂಬುದು ಮರುಪ್ರಶ್ನೆ. ಆಗ ಮಾತ್ರ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತೇವೆ. ಏಕೆಂದರೆ ನಮ್ಮ ಪರದೇಶವಾಸ ಆರಂಭವಾದುದು ಹಾಲೆಂಡಿನ ರಾಟರ್‌ಡ್ಯಾಮಿನಲ್ಲಲ್ಲ. ಅದಕ್ಕೂ ಏಳು ವರ್ಷ ಮೊದಲು, ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಲಾಸಲಗಾಂವ್ ಎಂಬ ಊರಿನಲ್ಲಿ.

ನಾವು ಎಂದರೆ ಗಂಡಹೆಂಡಿರು ಇಬ್ಬರೇ. ನಮ್ಮಲ್ಲಿ ಒಬ್ಬರು ಮೈಸೂರಿನವರು, ಇನ್ನೊಬ್ಬರು ಧಾರವಾಡದವರು. ಒಬ್ಬರು ಈರುಳ್ಳಿ ಎಂದರೆ ಇನ್ನೊಬ್ಬರು ಉಳ್ಳಾಗಡ್ಡಿ ಎನ್ನುವುದು. ಮದುವೆಯಾದ ಹೊಸದರಲ್ಲಿ ಇದೇ ನಮ್ಮ ಮನೆಯ ದೊಡ್ಡ ಜಗಳ. ದೈವಕ್ಕೆ ಇದು ತಿಳಿಯಿತೋ ಏನೋ, ೨೦೦೪ರಲ್ಲಿ ನಮ್ಮನ್ನು ತೆಗೆದುಕೊಂಡು ಹೋಗಿ ಈರುಳ್ಳಿಯ ರಾಜಧಾನಿಯಲ್ಲೇ ಇಳಿಸಿತು. ಹೊರದೇಶಗಳಿಗೆ ದ್ರಾಕ್ಷಿ, ಈರುಳ್ಳಿ ಕಳುಹಿಸುವ ಒಂದು ವ್ಯಾಪಾರಸಂಸ್ಥೆಯಲ್ಲಿ ಸರಕಿನ ಗುಣ ಪರೀಕ್ಷಿಸುವ ಕೆಲಸ ನಮ್ಮ ಮೈಸೂರಿನವರಿಗೆ ದೊರೆತಿತ್ತು.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ಕಲಬುರಗಿ, ಸೊಲ್ಲಾಪುರ, ಅಹಮದನಗರಗಳನ್ನು ದಾಟಿ, ಮರುದಿನ ಮನಮಾಡದಲ್ಲಿ ಇಳಿದೆವು. ಅದಕ್ಕೆ ಸ್ವಲ್ಪ ಮೊದಲು, ಕೋಪರಗಾಂವದ ಹತ್ತಿರ, ಗಾಡಿ ಗೋದಾವರಿಯ ಸೇತುವೆಯ ಮೇಲೆ ಹಾಯುತ್ತದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳುವುದನ್ನು ಶಾಲೆಯಲ್ಲಿ ಓದಿದ್ದೆವಷ್ಟೆ. “ಇಲ್ಲಿಗೆ ನಮ್ಮ ನೃಪತುಂಗನ ಗಡಿ ಮುಗಿಯಿತು” ಎಂದು ಧಾರವಾಡದವರು ಹೇಳಿ ನಕ್ಕರು. ಲಾಸಲಗಾಂವ್ ಇರುವುದು ಆ ನದಿಗೆ ಉತ್ತರಕ್ಕೆ. ಲೆಕ್ಕ ಹಿಡಿದರೆ ನಾವು ಪರದೇಶಿಗಳಾದುದು ಆ ಸೇತುವೆಯ ಮೇಲೆ.

ಊರೇನೋ ಚಿಕ್ಕದು. ಅಲ್ಲಿಯ ಮಾರುಕಟ್ಟೆ ಮಾತ್ರ ಏಷ್ಯಾದಲ್ಲೇ ದೊಡ್ಡ ಈರುಳ್ಳಿ ಮಾರುಕಟ್ಟೆಯೆಂದು ಹೆಸರಾದುದು. ಬೆಳಗಾಗುವಷ್ಟರಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ವ್ಯಾಪಾರಿಗಳ ಗುಂಪು ಒಂದು ಟ್ರಾಲಿಯಿಂದ ಇನ್ನೊಂದಕ್ಕೆ ನಡೆಯುತ್ತ, ಗಡ್ಡೆಗಳನ್ನು ಕೈಯಲ್ಲಿ ತಿರುವಿ ನೋಡುತ್ತ, ಕೂಗುತ್ತ ಹೋಗುತ್ತದೆ. ನಾಲ್ಕು ತಿಂಗಳ ದುಡಿಮೆಯ ಬೆಲೆ ಎರಡು ನಿಮಿಷದಲ್ಲಿ ತೀರ್ಮಾನವಾಗಿ ಒಂದು ಚೀಟಿಯ ಮೇಲೆ ಇಳಿಯುತ್ತದೆ. ಆ ಚೀಟಿಯನ್ನು ಓದುವ ರೈತನ ಮುಖವನ್ನು ನೋಡಿಯೇ ನಾವು ಮರಾಠಿಯ ಅಂಕೆಗಳನ್ನು ಕಲಿತದ್ದು.

ಒಬ್ಬ ಅಜ್ಜಿಯ ಮನೆಯ ಹಿಂಬದಿಯ ಒಂದು ಕೋಣೆ, ಒಂದು ಅಡಿಗೆಮನೆ ಬಾಡಿಗೆಗೆ ಸಿಕ್ಕಿತು. ಅಜ್ಜಿ ವಿಧವೆ, ವಾರಕರಿ ಸಂಪ್ರದಾಯದವರು, ಕೊರಳಲ್ಲಿ ತುಳಸಿಮಾಲೆ. ನಾವು ಕರ್ನಾಟಕದವರೆಂದು ಕೇಳಿದೊಡನೆ, “ಹಾಗಾದರೆ ಹೊರಗಿನವರು ಹೇಗಾದೀರಿ? ನಮ್ಮ ವಿಠೋಬನೂ ಕಾನಡಾನೇ” ಎಂದರು. ಮರಾಠಿ ಸಂತರು ಪಂಢರಪುರದ ವಿಠ್ಠಲನನ್ನು ಕನ್ನಡಿಗನೆಂದು ಹಾಡಿರುವುದು ನಮಗೆ ಗೊತ್ತಾದದ್ದು ಆ ಅಜ್ಜಿಯಿಂದಲೇ. ಬಾಡಿಗೆಯ ಮುಂಗಡವನ್ನು ಅವರು ಕೇಳಲೂ ಇಲ್ಲ.

ಅಂಗಳದ ಆಚೆ ಅವರ ‘ಕಾಂದಾ ಚಾಳ’ ಇತ್ತು. ನೆಲದಿಂದ ಮೇಲೆತ್ತಿ ಕಟ್ಟಿದ, ಎರಡೂ ಪಕ್ಕಕ್ಕೆ ಬಿದಿರು ದಬ್ಬೆಯ ಗೋಡೆಯಿದ್ದ ಉದ್ದನೆಯ ಚಪ್ಪರ. ಮಾರ್ಚಿ ಏಪ್ರಿಲಿನಲ್ಲಿ ಕಿತ್ತ ಬೇಸಗೆಯ ಈರುಳ್ಳಿಯನ್ನು ಅದರಲ್ಲಿ ತುಂಬಿ, ಒಳ್ಳೆಯ ಬೆಲೆಗಾಗಿ ದೀಪಾವಳಿಯ ಹತ್ತಿರದವರೆಗೂ ಕಾಯುತ್ತಾರೆ. ಈರುಳ್ಳಿ ಕಳವಾಗುವ ಹೆದರಿಕೆಯಿಲ್ಲವೆ, ಗೋಡೆ ಕಟ್ಟಿಸಬಾರದೆ ಎಂದು ನಾವು ಪೇಟೆಯವರ ಜಾಣತನದಿಂದ ಕೇಳಿದೆವು. “ಗೋಡೆ ಕಟ್ಟಿದರೆ ಕಳ್ಳ ಒಯ್ಯುವುದಿಲ್ಲ, ಕೊಳೆತು ಹೋಗುತ್ತದೆ. ಇದಕ್ಕೆ ಎರಡು ಕಡೆಯಿಂದಲೂ ಗಾಳಿ ಬೇಕು” ಎಂದರು ಅಜ್ಜಿ.

ಈಗ ನಮ್ಮ ತಪ್ಪನ್ನು ಹೇಳಬೇಕು. ಏಳು ವರ್ಷ ಆ ಊರಿನಲ್ಲಿದ್ದರೂ ನಾವು ಅಲ್ಲಿ ಸಂಸಾರ ಹೂಡಲಿಲ್ಲ. “ಇನ್ನೊಂದು ವರ್ಷ, ಆಮೇಲೆ ಬೆಂಗಳೂರು” ಎನ್ನುತ್ತಲೇ ಕಾಲ ಕಳೆದೆವು. ಮದುವೆಯಲ್ಲಿ ಕೊಟ್ಟ ಪಾತ್ರೆಗಳು, ಪುಸ್ತಕಗಳು, ಗೋಡೆಗೆ ಹಾಕಬೇಕಾದ ಪಟಗಳು ಒಂದು ದೊಡ್ಡ ಟ್ರಂಕಿನಲ್ಲಿ ಬಂದಿದ್ದವು; ಆ ಟ್ರಂಕನ್ನು ಬಿಚ್ಚಲೇ ಇಲ್ಲ. ಅದರ ಮೇಲೆ ಬಟ್ಟೆ ಹಾಸಿ ಊಟದ ಮೇಜು ಮಾಡಿಕೊಂಡೆವು. ಅಜ್ಜಿ ಅಂಗಳದ ಮೂಲೆ ತೋರಿಸಿ, “ಇಲ್ಲಿ ಒಂದು ನುಗ್ಗೆ ನೆಡಿ, ನಿಮ್ಮ ಕಡೆಯ ಸಾರಿಗೆ ಬೇಕಲ್ಲ” ಎಂದರು. ಕಾಯಿ ಬಿಡುವಷ್ಟರಲ್ಲಿ ನಾವೆಲ್ಲಿರುತ್ತೇವೋ ಎಂದು ನಕ್ಕುಬಿಟ್ಟೆವು. ಹಬ್ಬಕ್ಕೆ ಕರೆದರೆ ಹೋಗಿ ಉಂಡು ಬಂದೆವು. ನಾವಾಗಿ ಕರೆದದ್ದು ತೀರ ಕಡಿಮೆ.

೨೦೦೭ರ ಮಳೆಗಾಲದ ಒಂದು ರಾತ್ರಿ ನಮ್ಮಲ್ಲಿ ಧಾರವಾಡದವರಿಗೆ ಇದ್ದಕ್ಕಿದ್ದಂತೆ ನೋವು ಕಾಣಿಸಿಕೊಂಡಿತು. ದಿನ ತುಂಬಲು ಇನ್ನೂ ಐದು ವಾರವಿತ್ತು. ನಾಸಿಕ ಅಲ್ಲಿಂದ ೬೦ ಕಿಲೋಮೀಟರಿನಷ್ಟು ದೂರ. ಅಜ್ಜಿ ಪಕ್ಕದ ಮನೆಯ ಜೀಪನ್ನು ಎಬ್ಬಿಸಿ ತರಿಸಿ, ಹಿಂದಿನ ಆಸನದಲ್ಲಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ದಾರಿಯುದ್ದಕ್ಕೂ ಅವರು ಏನೋ ಅಭಂಗ ಗುನುಗುತ್ತಿದ್ದರು. ನಮಗೆ ಅರ್ಥವಾಗುತ್ತಿದ್ದುದು ವಿಠ್ಠಲನ ಹೆಸರೊಂದೇ. ಬೆಳಗಿನ ಜಾವ ಮಗ ಹುಟ್ಟಿದ. ನಮ್ಮ ತಾಯಂದಿರು ರೈಲು ಹತ್ತಿ ಬಂದು ಮುಟ್ಟುವವರೆಗೆ ಮೂರು ದಿನ ಅಜ್ಜಿ ಆಸ್ಪತ್ರೆಯ ಬೆಂಚಿನ ಮೇಲೆಯೇ ಮಲಗಿದರು.

ಇಷ್ಟಾದ ಮೇಲಾದರೂ ಟ್ರಂಕು ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ೨೦೧೧ರಲ್ಲಿ ಹಾಲೆಂಡಿನ ಹಣ್ಣು ಆಮದುಗಾರರೊಬ್ಬರಲ್ಲಿ ಕೆಲಸ ಸಿಕ್ಕಿತು. ನಾಸಿಕದ ದ್ರಾಕ್ಷಿ ಯುರೋಪಿಗೆ ಹೋಗುವ ಹೆದ್ದಾರಿಯೇ ರಾಟರ್‌ಡ್ಯಾಮ್ ಬಂದರು. ದ್ರಾಕ್ಷಿಯ ಹಿಂದೆ ನಾವೂ ಹೊರಟೆವು. ಹೊರಡುವ ದಿನ ಅಜ್ಜಿ ಖಾಲಿಯಾದ ಕೋಣೆಯನ್ನು ಒಮ್ಮೆ ನೋಡಿ, “ಏಳು ವರ್ಷದಲ್ಲಿ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲವಲ್ಲ!” ಎಂದರು. ಗೋಡೆ ಕೆಡಿಸದೆ ಇಟ್ಟುಕೊಂಡಿರೆಂಬ ಮೆಚ್ಚಿಕೆ ಇರಬೇಕೆಂದು ನಾವು ಸಂತೋಷಪಟ್ಟೆವು.

ರಾಟರ್‌ಡ್ಯಾಮಿನಲ್ಲಿ ಆದದ್ದೂ ಅದೇ ಕಥೆ. ಮೂರನೆಯ ಮಹಡಿಯ ಮನೆ, ಕಿಟಕಿಯಾಚೆ ಮಳೆ, ಸಂಜೆ ನಾಲ್ಕೂವರೆಗೇ ಕತ್ತಲು. “ಇನ್ನೆರಡು ವರ್ಷ” ಎಂಬ ಅದೇ ಮಂತ್ರ. ಅದೇ ಟ್ರಂಕು ಹಡಗಿನಲ್ಲಿ ಬಂದು ಮೂಲೆ ಸೇರಿತು. ರಜೆ ಬಂದಾಗ ಪ್ಯಾರಿಸು, ರೋಮು, ವಿಯೆನ್ನಾ ಎಂದು ತಿರುಗಿ ಭಾವಚಿತ್ರ ತೆಗೆದು ಊರಿಗೆ ಕಳುಹಿಸಿದೆವು. ನಮ್ಮ ಬೀದಿಯ ಎದುರುಮನೆಯವರ ಹೆಸರು ಮಾತ್ರ ನಮಗೆ ಗೊತ್ತಿರಲಿಲ್ಲ. ಡಚ್ ಭಾಷೆಯಲ್ಲಿ ಈರುಳ್ಳಿಗೆ ಎರಡೇ ಅಕ್ಷರದ ಹೆಸರು. ಅದರ ಉಚ್ಚಾರ ನಮ್ಮ ‘ಔ’ಕಾರವೂ ಅಲ್ಲ, ‘ಐ’ಕಾರವೂ ಅಲ್ಲ. ಅಂಗಡಿಯಲ್ಲಿ ಬೆರಳು ತೋರಿಸಿದರೆ ಸಾಕಲ್ಲ ಎಂದು ಕಲಿಯದೆ ಬಿಟ್ಟೆವು.

೨೦೧೬ರ ಚಳಿಗಾಲದಲ್ಲಿ, ಮಗನ ಹುಟ್ಟುಹಬ್ಬದ ದಿನದ ಒಂದು ಭಾವಚಿತ್ರ ಹುಡುಕುತ್ತಿದ್ದಾಗ ನೆನಪಾಗಿ, ಲಾಸಲಗಾಂವಿಗೆ ಫೋನು ಮಾಡಿದೆವು. ಅಜ್ಜಿಯ ಮೊಮ್ಮಗ ಮಾತಾಡಿದ. ಅಜ್ಜಿ ತೀರಿಕೊಂಡು ಮೂರು ತಿಂಗಳಾಗಿತ್ತು. ನಮಗೆ ಏಕೆ ತಿಳಿಸಲಿಲ್ಲವೆಂದು ಕೇಳಿದೆವು. ಅವನು ಕೋಪವಿಲ್ಲದೆ ಹೇಳಿದ: “ನಿಮ್ಮ ನಂಬರು ನಮ್ಮ ಹತ್ತಿರ ಇರಲಿಲ್ಲ.”

ಇರಲಿಲ್ಲ, ಏಕೆಂದರೆ ನಾವು ಕೊಟ್ಟಿರಲಿಲ್ಲ. ಐದು ವರ್ಷದಲ್ಲಿ ಎರಡು ಬಾರಿ ನಾವೇ ಫೋನು ಮಾಡಿದ್ದೆವು. ನಮ್ಮನ್ನು ಹುಡುಕಬೇಕಾದೀತು ಎಂಬ ಯೋಚನೆಯೇ ನಮಗೆ ಬಂದಿರಲಿಲ್ಲ. ಮೊಳೆಯ ಮಾತಿನ ಅರ್ಥ ಆ ರಾತ್ರಿ ನಮಗೆ ಆಯಿತು.

ಮರುದಿನ ಟ್ರಂಕು ಬಿಚ್ಚಿದೆವು. ಹನ್ನೆರಡು ವರ್ಷ ಮುಚ್ಚಿದ್ದ ಪಾತ್ರೆಗಳ ಕಂಚು ಕಪ್ಪಾಗಿತ್ತು. ಎರಡು ಪುಸ್ತಕ ಬೂಷ್ಟು ಹಿಡಿದು ಓದುವಂತಿರಲಿಲ್ಲ. ಉಳಿದ ಪಟಗಳಿಗೆ ಗೋಡೆಯಲ್ಲಿ ಮೊಳೆ ಹೊಡೆದೆವು. ಸದ್ದು ಕೇಳಿ ಎದುರುಮನೆಯ ಮುದುಕರು ಬಾಗಿಲು ತಟ್ಟಿದರು. ದೂರು ಹೇಳಲು ಬಂದರೆಂದು ಹೆದರಿದೆವು. ಅವರು ಒಳ್ಳೆಯ ಸುತ್ತಿಗೆ ತಂದಿದ್ದರು.

ಆ ಮುದುಕರೇ ಮುಂದಿನ ಅಕ್ಟೋಬರ್ ೩ರಂದು ನಮ್ಮನ್ನು ಲೈಡನ್ ನಗರಕ್ಕೆ ಕರೆದುಕೊಂಡು ಹೋದರು. ೧೫೭೪ರಲ್ಲಿ ಸ್ಪೇನಿನ ಸೈನ್ಯ ಆ ಊರನ್ನು ಮುತ್ತಿ ಜನರನ್ನು ಹಸಿವಿನಿಂದ ಕೊಲ್ಲುತ್ತಿತ್ತು. ಡಚ್ಚರು ತಮ್ಮ ಒಡ್ಡುಗಳನ್ನೇ ಒಡೆದು ಹೊಲಗಳಿಗೆ ನೀರು ನುಗ್ಗಿಸಿ ದೋಣಿಯಲ್ಲಿ ಬಂದು ಊರನ್ನು ಬಿಡಿಸಿದರು. ಓಡಿಹೋದ ಶತ್ರುಗಳ ಬಿಡಾರದಲ್ಲಿ ಒಬ್ಬ ಹುಡುಗನಿಗೆ ಒಂದು ಪಾತ್ರೆ ಬೇಯಿಸಿದ ಅಡಿಗೆ ಸಿಕ್ಕಿತಂತೆ. ಅದರ ನೆನಪಿಗೆ ಇಂದಿಗೂ ಆ ದಿನ ಆಲೂಗಡ್ಡೆ, ಗಜ್ಜರಿ, ಈರುಳ್ಳಿಗಳನ್ನು ಬೇಯಿಸಿ ಹಿಸುಕಿದ ‘ಹುಟ್ಸ್‌ಪಾಟ್’ ಉಣ್ಣುತ್ತಾರೆ. ಆಲೂಗಡ್ಡೆ ಆ ಊಟಕ್ಕೆ ಸೇರಿದ್ದು ಎಷ್ಟೋ ಕಾಲದ ಮೇಲೆ ಎಂದು ಮುದುಕರೇ ಹೇಳಿ ನಕ್ಕರು. ನಾವು ಮನೆಯಲ್ಲಿ ಅದಕ್ಕೆ ಸಾಸಿವೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಅವರಿಗೆ ಬಡಿಸಿದೆವು. ಎರಡು ಸಲ ಹಾಕಿಸಿಕೊಂಡರು. ಈರುಳ್ಳಿಯ ಆ ಎರಡಕ್ಷರದ ಹೆಸರನ್ನು ನಮ್ಮ ನಾಲಗೆಗೆ ಕಲಿಸಿದವರೂ ಅವರೇ.

ಹಾಲೆಂಡು ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಈರುಳ್ಳಿ ಹೊರಗೆ ಕಳುಹಿಸುವ ದೇಶ. ಸಮುದ್ರದ ತಳವನ್ನು ಬರಿದು ಮಾಡಿ ಪಡೆದ ಫ್ಲೇವೋಲ್ಯಾಂಡಿನಲ್ಲಿ ಒಮ್ಮೆ ಈರುಳ್ಳಿಯ ಉಗ್ರಾಣ ನೋಡಲು ಹೋಗಿದ್ದೆವು. ದೊಡ್ಡ ದೊಡ್ಡ ಪಂಖಗಳು ರಾಶಿಯ ಅಡಿಯಿಂದ ಗಾಳಿ ಊದುತ್ತಿದ್ದವು. ಗಾಳಿ ನಿಂತರೆ ಕೊಳೆಯುತ್ತದೆ ಎಂದು ಅಲ್ಲಿಯ ರೈತ ವಿವರಿಸಿದ. ನಮಗೆ ಗೊತ್ತು ಎಂದೆವು.

೨೦೨೩ರ ಡಿಸೆಂಬರಿನಲ್ಲಿ ಮಗನನ್ನು ಕರೆದುಕೊಂಡು ಲಾಸಲಗಾಂವಿಗೆ ಹೋದೆವು. ಹೋಗುವ ಮೊದಲ ವಾರ, ಡಿಸೆಂಬರ್ ೮ರಂದು, ಸರಕಾರ ಈರುಳ್ಳಿಯ ರಫ್ತನ್ನು ನಿಷೇಧಿಸಿತ್ತು; ಅದು ತೆರವಾದದ್ದು ೨೦೨೪ರ ಮೇ ತಿಂಗಳಲ್ಲಿ. ಬೆಲೆ ಕುಸಿದು ಊರೆಲ್ಲ ಸಪ್ಪಗಿತ್ತು. ಅಜ್ಜಿಯ ಮೊಮ್ಮಗ, “ನಮ್ಮದು ನಿಂತರೆ ನಿಮ್ಮ ಹಾಲೆಂಡಿನದು ಹೋಗುತ್ತದಲ್ಲವೆ?” ಎಂದು ಕೇಳಿದ. ‘ನಿಮ್ಮ ಹಾಲೆಂಡು’ ಎಂಬ ಮಾತು ನಮ್ಮನ್ನು ಚುಚ್ಚಿತು. ಸುಳ್ಳೆಂದು ಹೇಳುವಂತೆಯೂ ಇರಲಿಲ್ಲ. ಡಚ್ ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಆ ಅರ್ಜಿ ನಮ್ಮ ಮೇಜಿನ ಮೇಲೆ ಅಂದಿಗೂ ಇತ್ತು, ಇಂದಿಗೂ ಇದೆ. ನಮ್ಮಲ್ಲಿ ಒಬ್ಬರು ಸಹಿ ಮಾಡೋಣ ಎನ್ನುತ್ತಾರೆ, ಇನ್ನೊಬ್ಬರು ನೋಡೋಣ ಎನ್ನುತ್ತಾರೆ. ಯಾರು ಯಾವುದು ಎಂಬುದು ತಿಂಗಳಿಗೊಮ್ಮೆ ಬದಲಾಗುತ್ತದೆ.

ನಮ್ಮ ಹಳೆಯ ಕೋಣೆಯಲ್ಲಿ ಈಗ ವಿದರ್ಭದ ಕಡೆಯ ಒಬ್ಬ ಶಾಲಾಮಾಸ್ತರರ ಸಂಸಾರವಿದೆ. ಅವರ ಪುಟ್ಟ ಹುಡುಗಿಯನ್ನು ಎಲ್ಲಿ ನಿನ್ನ ಮನೆ ಎಂದು ಕೇಳಿದೆವು. “ಕಾನಡ್ಯಾಂಚೀ ಖೋಲಿ” ಎಂದಳು: ಕನ್ನಡದವರ ಕೋಣೆ. ಅಜ್ಜಿ ಕೊನೆಯವರೆಗೂ ಹಾಗೆಯೇ ಕರೆಯುತ್ತಿದ್ದರಂತೆ. ನಡುವೆ ಮೂರು ಸಂಸಾರ ಬಂದುಹೋದರೂ ಹೆಸರು ಬದಲಾಗಿಲ್ಲ.

ಹೊರಡುವ ಮುನ್ನ ಅಂಗಳದ ಆ ಮೂಲೆಯಲ್ಲಿ, ಮನೆಯವರ ಅಪ್ಪಣೆ ಪಡೆದು, ಮಗನ ಕೈಯಿಂದ ಒಂದು ನುಗ್ಗೆಯ ಕೊಂಬೆ ನೆಡಿಸಿದೆವು. ಈ ಸಲ ನಂಬರು ಬರೆದುಕೊಟ್ಟೆವು. ಗಿಡ ಈಗ ಗೋಡೆಯ ಎತ್ತರ ಬಂದಿದೆಯೆಂದೂ, ಮಾಸ್ತರರ ಹೆಂಡತಿ ಸೊಪ್ಪನ್ನು ಪಲ್ಯಕ್ಕೆ ಕೊಯ್ದರೆಂದೂ ಕಳೆದ ವಾರ ಸುದ್ದಿ ಬಂತು.